ತುಮಕೂರು ಬಯಲಿನ ಬೆಂಕಿಹವೆ, ಬಿರುಗಾಳಿ ಮತ್ತು ಮಾಗಿಚಳಿ

ಬೆಂಕಿಹವೆ ಎಂದರೆ ಒಣಹುಲ್ಲು, ತರಗೆಲೆ, ಪೊದೆಗಳಿಗೆ ತಾಗಿದ ಕಿಡಿ ತಾನಾಗಿ ಆರದೆ ಹಬ್ಬಿಕೊಳ್ಳುವಂತೆ ಮಾಡುವ ಬಿಸಿಲು, ಒಣಹವೆ ಮತ್ತು ಗಾಳಿಗಳ ಕೂಟ. ತುಮಕೂರು ನಗರ ಮತ್ತು ಅದರ ಸುತ್ತಿನ ಹಳ್ಳಿಗಳು, ಗುಬ್ಬಿ ಹಾಗೂ ಕುಣಿಗಲ್ ತಾಲ್ಲೂಕುಗಳಲ್ಲಿ ಈ ಸ್ಥಿತಿ ಸಾಮಾನ್ಯವಾಗಿ ಜನವರಿ ಕೊನೆಯಿಂದ ಏಪ್ರಿಲ್ ನಡುವಿನವರೆಗೆ ಇರುತ್ತದೆ. ಇದಕ್ಕೆ ಮುಂಚೆ ಮಾಗಿಯ ಚಳಿ, ಇಬ್ಬನಿ ಮತ್ತು ಮಂಜು ಬರುತ್ತವೆ. ಇದರ ಬೆನ್ನಿಗೆ ಏಪ್ರಿಲ್–ಮೇ ತಿಂಗಳ ಗುಡುಗುಸಹಿತ ಬಿರುಗಾಳಿ ಬರುತ್ತದೆ. ಚಳಿ, ಬೆಂಕಿ, ಗಾಳಿಗಳನ್ನು ಮೂರು ಬೇರೆ ವಿಪತ್ತುಗಳೆಂದು ಪಟ್ಟಿ ಮಾಡುವುದು ಆಡಳಿತದ ರೂಢಿ. ಈ ಬಯಲಿನ ಭೂಗೋಳ ಮತ್ತು ಹವೆಯನ್ನು ಒಟ್ಟಿಗೆ ನೋಡಿದರೆ ಮೂರಕ್ಕೂ ಬೇರು ಒಂದೇ ಎಂಬುದು ತಿಳಿಯುತ್ತದೆ. ಮಳೆನೆರಳಿನ ಪ್ರಸ್ಥಭೂಮಿಯ ಮೇಲೆ ತಿಂಗಳುಗಟ್ಟಲೆ ನಿಲ್ಲುವ ಮೋಡವಿಲ್ಲದ ಒಣಗಾಳಿಯೇ ಆ ಬೇರು. ಅದು ರಾತ್ರಿಯಲ್ಲಿ ಚಳಿಯನ್ನೂ ಹಗಲಲ್ಲಿ ಬೆಂಕಿಯನ್ನೂ ಋತುವಿನ ಕೊನೆಗೆ ಬಿರುಗಾಳಿಯನ್ನೂ ಹುಟ್ಟಿಸುತ್ತದೆ. ಆದ್ದರಿಂದ ಇಲ್ಲಿನ ಅಪಾಯವನ್ನು ಒಂದು ದಿನದ ಗರಿಷ್ಠ ಅಥವಾ ಕನಿಷ್ಠ ಉಷ್ಣಾಂಶಕ್ಕಿಂತ ಋತುಗಳ ಅನುಕ್ರಮದಿಂದ ಅಳೆಯುವುದು ಹೆಚ್ಚು ಸರಿಯಾದ ಕ್ರಮ.

ಪದಗಳ ಬಳಕೆ

ಈ ಲೇಖನದಲ್ಲಿ ಮಾಗಿ ಎಂದರೆ ನವೆಂಬರ್ ಕೊನೆಯಿಂದ ಶಿವರಾತ್ರಿಯವರೆಗಿನ ಚಳಿಗಾಲ. ಒಣಹವೆ ಎಂದರೆ ಮಳೆಯಿಲ್ಲದ, ಮಧ್ಯಾಹ್ನದ ಸಾಪೇಕ್ಷ ಆರ್ದ್ರತೆ ಬಹಳ ಇಳಿದಿರುವ ದಿನಗಳ ಸ್ಥಿತಿ. ಹುಲ್ಲು ಮತ್ತು ತರಗೆಲೆಯನ್ನು ಹಿಡಿದು ನೆಲದ ಮೇಲೆ ಸಾಗುವುದು ನೆಲಬೆಂಕಿ. ಮರದ ತಲೆಯಿಂದ ತಲೆಗೆ ದಾಟುವುದು ತಲೆಬೆಂಕಿ. ಬಿರುಗಾಳಿ ಎಂಬ ಪದವನ್ನು ಭಾರತ ಹವಾಮಾನ ಇಲಾಖೆಯ ಅಳತೆಯಲ್ಲಿ ಬಳಸಲಾಗಿದೆ. ಗಾಳಿಯ ವೇಗ ದಿಢೀರನೆ ಗಂಟೆಗೆ ಕನಿಷ್ಠ 29 ಕಿ.ಮೀ.ನಷ್ಟು ಏರಿ, 40 ಕಿ.ಮೀ. ಅಥವಾ ಅದಕ್ಕೂ ಹೆಚ್ಚನ್ನು ಮುಟ್ಟಿ, ಒಂದು ನಿಮಿಷಕ್ಕೆ ಕಡಿಮೆಯಿಲ್ಲದಂತೆ ನಿಂತರೆ ಅದು ಬಿರುಗಾಳಿ. ಸಮುದ್ರದ ಮೇಲೆ ಹುಟ್ಟುವ ಚಂಡಮಾರುತವೂ ಬಿಸಿಲಿನ ಹೊತ್ತಿನಲ್ಲಿ ಬಯಲಲ್ಲಿ ಧೂಳೆಬ್ಬಿಸುವ ಸುಂಟರಗಾಳಿಯೂ ಇದರಿಂದ ಬೇರೆ. ನೋಟದ ದೂರ 1 ಕಿ.ಮೀ.ಗಿಂತ ಕಡಿಮೆಯಾದರೆ ಮಂಜು, 200 ಮೀ.ಗಿಂತ ಕಡಿಮೆಯಾದರೆ ದಟ್ಟ ಮಂಜು.

ಭೂಸ್ವರೂಪ ಮತ್ತು ಹವಾಗುಣ

ತುಮಕೂರು ನಗರ ಬೆಂಗಳೂರಿನಿಂದ ವಾಯವ್ಯಕ್ಕೆ ಸುಮಾರು 70 ಕಿ.ಮೀ. ದೂರದಲ್ಲಿ, ಸಮುದ್ರಮಟ್ಟದಿಂದ ಸುಮಾರು 800 ಮೀ. ಎತ್ತರದಲ್ಲಿದೆ. ಗುಬ್ಬಿ ಅದರ ಪಶ್ಚಿಮಕ್ಕೂ ಕುಣಿಗಲ್ ದಕ್ಷಿಣಕ್ಕೂ ಇವೆ. ಕೃಷಿ ಹವಾಗುಣದ ವಿಂಗಡಣೆಯಲ್ಲಿ ತುಮಕೂರು ಮತ್ತು ಗುಬ್ಬಿ ತಾಲ್ಲೂಕುಗಳು ಪೂರ್ವ ಒಣವಲಯಕ್ಕೆ, ಕುಣಿಗಲ್ ದಕ್ಷಿಣ ಒಣವಲಯಕ್ಕೆ ಸೇರುತ್ತವೆ. ನೆಲ ಒಟ್ಟಾರೆ ಅಲೆಅಲೆಯಾದ ಬಯಲು. ಅದರ ನಡುವೆ ಬಂಡೆಬೆಟ್ಟಗಳು ತಲೆಯೆತ್ತಿವೆ. ತುಮಕೂರು ತಾಲ್ಲೂಕಿನ ಊರ್ಡಿಗೆರೆ ಹೋಬಳಿಯ ದೇವರಾಯನದುರ್ಗ ಸುಮಾರು 1,200 ಮೀ. ಎತ್ತರವಿದ್ದು, ಅದರ ಬುಡದಲ್ಲಿ ನಾಮದ ಚಿಲುಮೆ ಇದೆ. ಶಿಂಷಾ ನದಿ ಈ ಬೆಟ್ಟಸಾಲಿನಲ್ಲಿ ಹುಟ್ಟಿ ಗುಬ್ಬಿ ತಾಲ್ಲೂಕಿನ ಕಡಬ ಕೆರೆ, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯಗಳನ್ನು ಹಾಯ್ದು ಕಾವೇರಿಯತ್ತ ಹೋಗುತ್ತದೆ. ಅಲ್ಲಿಯೇ ಹುಟ್ಟುವ ಜಯಮಂಗಲಿ ಉತ್ತರಕ್ಕೆ ಹರಿದು ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಕುಣಿಗಲ್ ತಾಲ್ಲೂಕಿನಲ್ಲಿ ಹುಲಿಯೂರುದುರ್ಗ ಮತ್ತು ಹುತ್ರಿದುರ್ಗದ ಗುಡ್ಡಗಳಿವೆ. ಗುಬ್ಬಿಯ ಉತ್ತರದಲ್ಲಿ ಹಾಗಲವಾಡಿ ಕಡೆಯ ಕುರುಚಲು ಗುಡ್ಡಗಳಿವೆ.

ಈ ಬಯಲು ಪಶ್ಚಿಮಘಟ್ಟದ ಮಳೆನೆರಳಿನಲ್ಲಿದೆ. ಜಿಲ್ಲೆಯ ವಾರ್ಷಿಕ ಸರಾಸರಿ ಮಳೆ ಸುಮಾರು 600ರಿಂದ 700 ಮಿ.ಮೀ. ಅದರ ದೊಡ್ಡ ಪಾಲು ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಬೀಳುತ್ತದೆ. ಜನವರಿಯಿಂದ ಮಾರ್ಚ್‌ವರೆಗೆ ಹೆಚ್ಚಿನ ವರ್ಷಗಳಲ್ಲಿ ಬೀಳುವುದು ಕೆಲವೇ ಮಿ.ಮೀ. ಬೆಂಕಿಯ ಲೆಕ್ಕದಲ್ಲಿ ಮಳೆಯ ಒಟ್ಟು ಮೊತ್ತಕ್ಕಿಂತ ಈ ಹಂಚಿಕೆಯೇ ಮುಖ್ಯ. ಸೆಪ್ಟೆಂಬರ್–ಅಕ್ಟೋಬರ್ ಮಳೆಗೆ ಸೊಂಟದೆತ್ತರ ಬೆಳೆದ ಹುಲ್ಲು ತೆನೆಗಟ್ಟಿ ಬಲಿತ ಮೇಲೆ ಅದಕ್ಕೆ ಮತ್ತೆ ನೀರು ಸಿಗುವುದು ಏಪ್ರಿಲ್‌ನಲ್ಲಿ. ನಡುವಿನ ನಾಲ್ಕೈದು ತಿಂಗಳು ಅದು ನಿಂತಲ್ಲಿಯೇ ಒಣಗುತ್ತದೆ.

ಉಗಮ

ನೈರುತ್ಯ ಮುಂಗಾರು ಹಿಂದೆ ಸರಿದ ಮೇಲೆ ಈ ಬಯಲಿಗೆ ಗಾಳಿ ಈಶಾನ್ಯ ಮತ್ತು ಪೂರ್ವದಿಂದ ಬೀಸತೊಡಗುತ್ತದೆ. ಡಿಸೆಂಬರ್‌ವರೆಗೆ ಬಂಗಾಳಕೊಲ್ಲಿಯ ವಾಯುಭಾರ ಕುಸಿತಗಳು ಆಗಾಗ ತೇವ ತರುತ್ತವೆ. ಅವು ನಿಂತ ಮೇಲೆ ಆಕಾಶ ತಿಳಿಯಾಗುತ್ತದೆ, ಗಾಳಿಯಲ್ಲಿನ ನೀರಾವಿ ಇಳಿಯುತ್ತದೆ. ನೀರಾವಿ ಮತ್ತು ಮೋಡ ಎರಡೂ ನೆಲದ ಶಾಖವನ್ನು ರಾತ್ರಿ ಹಿಡಿದಿಡುವ ವಸ್ತುಗಳು. ಅವು ಇಲ್ಲದಿದ್ದಾಗ ಹಗಲು ಕಾಯ್ದ ನೆಲ ರಾತ್ರಿ ಬೇಗನೆ ಶಾಖ ಬಿಟ್ಟುಕೊಡುತ್ತದೆ. ಕೆಳಗಿನ ಗಾಳಿ ಮೇಲಿನ ಗಾಳಿಗಿಂತ ತಣ್ಣಗಾಗಿ ವಿಲೋಮ ಪದರ ಕಟ್ಟುತ್ತದೆ. ಹೀಗೆ ಜನವರಿಯ ಬೆಳಗಿನ ಉಷ್ಣಾಂಶ ಸಾಮಾನ್ಯವಾಗಿ 14–16 ಡಿಗ್ರಿ ಸೆಲ್ಸಿಯಸ್‌ಗೆ, ಕೆಲವು ದಿನ ಅದಕ್ಕೂ ಕೆಳಗೆ ಇಳಿಯುತ್ತದೆ. ಅದೇ ತಿಳಿ ಆಕಾಶ ಹಗಲಿನಲ್ಲಿ ಬಿಸಿಲನ್ನು ತಡೆಯಿಲ್ಲದೆ ಇಳಿಸುವುದರಿಂದ ಮಧ್ಯಾಹ್ನ 28–30 ಡಿಗ್ರಿಯಾಗುತ್ತದೆ. ಮುಂಜಾನೆ ಶೇಕಡ 70–80ರಷ್ಟಿದ್ದ ಸಾಪೇಕ್ಷ ಆರ್ದ್ರತೆ ಆಗ ಶೇಕಡ 30ರ ಆಸುಪಾಸಿಗೆ ಬೀಳುತ್ತದೆ. ಬೆಳಗಿನ ಚಳಿ ಮತ್ತು ಮಧ್ಯಾಹ್ನದ ಬೆಂಕಿಯ ಅಪಾಯ ಹೀಗೆ ಒಂದೇ ದಿನದ ಎರಡು ಕೊನೆಗಳಲ್ಲಿ ಇರುತ್ತವೆ.

ಬಿರುಗಾಳಿಯೂ ಇದೇ ಒಣತನದಿಂದ ಬಲ ಪಡೆಯುತ್ತದೆ. ಮಾರ್ಚ್ ಕಳೆದ ಮೇಲೆ ವಿದರ್ಭ–ಮರಾಠವಾಡದ ಕಡೆಯಿಂದ ಒಳನಾಡಿನ ಮೇಲೆ ದಕ್ಷಿಣಕ್ಕೆ ಚಾಚುವ ವಾಯುಭಾರದ ತಗ್ಗು, ಎರಡೂ ಸಮುದ್ರಗಳ ತೇವಗಾಳಿಯನ್ನು ಪ್ರಸ್ಥಭೂಮಿಯ ಮೇಲೆ ಎದುರುಬದುರಾಗಿಸುತ್ತದೆ. ಮಧ್ಯಾಹ್ನ ಕಾದ ನೆಲದ ಮೇಲೆ ರಾಶಿಮಳೆಮೋಡ ಎದ್ದು ಸಂಜೆಯ ಹೊತ್ತಿಗೆ ಸುರಿಯುತ್ತದೆ. ಮೋಡದ ಕೆಳಗಿನ ಗಾಳಿ ಬಿಸಿಯಾಗಿ ಒಣಗಿರುವುದರಿಂದ ಬೀಳುವ ಹನಿಗಳಲ್ಲಿ ಒಂದು ಭಾಗ ದಾರಿಯಲ್ಲೇ ಆವಿಯಾಗುತ್ತದೆ. ಆವಿಯಾಗಲು ಬೇಕಾದ ಶಾಖವನ್ನು ಕಳೆದುಕೊಂಡ ಗಾಳಿ ತಣ್ಣಗಾಗಿ, ಭಾರವಾಗಿ ನೆಲಕ್ಕೆ ಅಪ್ಪಳಿಸಿ ಸುತ್ತಲೂ ಚೆಲ್ಲುತ್ತದೆ. ಕೆಳಪದರ ಎಷ್ಟು ಒಣಗಿದೆಯೋ ಈ ಇಳಿಗಾಳಿ ಅಷ್ಟು ಬಿರುಸು. ಋತುವಿನ ಮೊದಲ ಮಳೆಗಳಲ್ಲಿ ನೀರಿಗಿಂತ ಗಾಳಿಯೇ ಹೆಚ್ಚಾಗಿರಲು ಇದು ಕಾರಣ.

ಬೆಂಕಿಯ ರಚನೆ

ಬೆಂಕಿಗೆ ಇಂಧನ, ಅದರ ಒಣತನ, ಗಾಳಿ ಅಥವಾ ಇಳಿಜಾರು, ಮತ್ತು ಕಿಡಿ ಎಂಬ ನಾಲ್ಕು ಅಂಶಗಳು ಬೇಕು. ಇಲ್ಲಿನ ಮುಖ್ಯ ಇಂಧನ ಹುಲ್ಲು. ದೇವರಾಯನದುರ್ಗದಂಥ ಎಲೆ ಉದುರುವ ಕಾಡುಗಳಲ್ಲಿ ಜಾಲಾರಿ, ದಿಂಡಿಗ ಮೊದಲಾದ ಮರಗಳ ತರಗೆಲೆ ಇದಕ್ಕೆ ಕೂಡಿಕೊಳ್ಳುತ್ತದೆ. ಕುರುಚಲಿನಲ್ಲಿ ಲಂಟಾನ ಪೊದೆ ನೆಲದ ಬೆಂಕಿಯನ್ನು ಎತ್ತರಕ್ಕೆ ಏರಿಸುತ್ತದೆ. ಎಲೆಯಲ್ಲಿ ಎಣ್ಣೆಯಿರುವ ನೀಲಗಿರಿಯ ತೋಪುಗಳು ಇನ್ನೊಂದು ಬಗೆಯ ಇಂಧನ. ಹುಲ್ಲುಕಡ್ಡಿಯಂಥ ತೆಳು ಇಂಧನ ಸುತ್ತಲ ಗಾಳಿಯ ತೇವಕ್ಕೆ ಒಂದು ಗಂಟೆಯೊಳಗೆ ಹೊಂದಿಕೊಳ್ಳುತ್ತದೆ, ದಪ್ಪ ದಿಮ್ಮಿ ಒಣಗಲು ವಾರಗಳು ಬೇಕು. ಈ ವ್ಯತ್ಯಾಸದಿಂದಾಗಿ ಬೆಳಿಗ್ಗೆ ಏಳರಲ್ಲಿ ಇಬ್ಬನಿಯಿಂದ ತೊಯ್ದು ಹೊತ್ತದ ಹುಲ್ಲು ಹನ್ನೊಂದರ ಹೊತ್ತಿಗೆ ಹೊತ್ತುವ ಸ್ಥಿತಿಗೆ ಬರುತ್ತದೆ. ಹನ್ನೊಂದರಿಂದ ನಾಲ್ಕರವರೆಗಿನ ಅವಧಿ ಅತಿ ಅಪಾಯದ್ದು.

ಬೆಂಕಿಯ ಅಪಾಯವನ್ನು ಸ್ಥೂಲವಾಗಿ ಅಳೆಯಲು ಹಲವು ದೇಶಗಳಲ್ಲಿ ಬಳಸುವ ಸೂತ್ರವೊಂದಿದೆ. ಉಷ್ಣಾಂಶ 30 ಡಿಗ್ರಿಗಿಂತ ಹೆಚ್ಚು, ಆರ್ದ್ರತೆ ಶೇಕಡ 30ಕ್ಕಿಂತ ಕಡಿಮೆ, ಗಾಳಿ ಗಂಟೆಗೆ 30 ಕಿ.ಮೀ.ಗಿಂತ ಹೆಚ್ಚು ಎಂಬ ಮೂರೂ ಕೂಡಿದರೆ ಬೆಂಕಿ ಹತೋಟಿ ಮೀರುತ್ತದೆ. ತುಮಕೂರು ಬಯಲಿನ ಮಾರ್ಚ್ ಮಧ್ಯಾಹ್ನಗಳು ಮೊದಲ ಎರಡನ್ನು ಸುಲಭವಾಗಿ ಮುಟ್ಟುತ್ತವೆ. ಮೂರನೆಯದನ್ನು ಬಹುತೇಕ ಮುಟ್ಟುವುದಿಲ್ಲ. ಆದ್ದರಿಂದಲೇ ಇಲ್ಲಿ ಕಾಣುವುದು ಹೆಚ್ಚಾಗಿ ನೆಲಬೆಂಕಿ. ಆಸ್ಟ್ರೇಲಿಯಾ, ಕ್ಯಾಲಿಫೋರ್ನಿಯಾಗಳಲ್ಲಿ ಊರುಗಳನ್ನೇ ನುಂಗುವ ಬೆಂಕಿ ಇಲ್ಲಿಲ್ಲ. ಆದರೆ ಬೆಟ್ಟಗಳಲ್ಲಿ ಗಾಳಿಯ ಕೊರತೆಯನ್ನು ಇಳಿಜಾರು ತುಂಬುತ್ತದೆ. ಏರುವ ಜ್ವಾಲೆ ಮೇಲಿನ ಹುಲ್ಲನ್ನು ಮುಂಚಿತವಾಗಿ ಕಾಯಿಸುವುದರಿಂದ ಇಳಿಜಾರು 10 ಡಿಗ್ರಿ ಹೆಚ್ಚಿದಂತೆಲ್ಲ ಬೆಂಕಿಯ ವೇಗ ಸುಮಾರು ಇಮ್ಮಡಿಯಾಗುತ್ತದೆ. ಬಯಲಿನ ಸುಂಟರಗಾಳಿ ಉರಿಯುವ ಎಲೆಗಳನ್ನು ಎತ್ತಿ ಬೆಂಕಿ ತಡೆಯಲು ಹುಲ್ಲು ಸವರಿ ಬಿಟ್ಟ ಬೆಂಕಿರೇಖೆಯ ಆಚೆಗೆ ಎಸೆಯಬಲ್ಲದು.

ವಿಧಗಳು

ಬೆಂಕಿಯನ್ನು ಅದು ಬೀಳುವ ಜಾಗದಿಂದ ನಾಲ್ಕಾಗಿ ವಿಂಗಡಿಸಬಹುದು. ಒಂದನೆಯದು ದೇವರಾಯನದುರ್ಗ, ಹುಲಿಯೂರುದುರ್ಗ, ಹಾಗಲವಾಡಿ ಕಡೆಯ ಕಾಡು ಮತ್ತು ಹುಲ್ಲುಬೆಟ್ಟಗಳ ಕಾಡ್ಗಿಚ್ಚು. ಎರಡನೆಯದು ಗೋಮಾಳ, ಕೆರೆಯಂಗಳ, ರಸ್ತೆ ಮತ್ತು ರೈಲುಹಳಿಯ ಬದಿಯ ಹುಲ್ಲಿನ ಬೆಂಕಿ. ಮೂರನೆಯದು ಹೊಲಮನೆಯ ಬೆಂಕಿ. ನವೆಂಬರ್–ಡಿಸೆಂಬರ್‌ನಲ್ಲಿ ಕೊಯ್ದ ರಾಗಿಯ ಬಣವೆ, ಒಕ್ಕಣೆಯಾದ ಮೇಲೆ ಒಟ್ಟಿದ ಹುಲ್ಲಿನ ಮೆದೆ, ತೆಂಗಿನ ತೋಟದ ಸೋಗೆ ಮತ್ತು ಮಟ್ಟೆಯ ರಾಶಿ, ಕೊಬ್ಬರಿ ಒಣಗಿಸುವ ಅಟ್ಟ ಇವೆಲ್ಲ ಬೆಂಕಿಹವೆ ಶುರುವಾಗುವ ಹೊತ್ತಿಗೆ ಸರಿಯಾಗಿ ಮನೆಯ ಹತ್ತಿರ ಕೂಡಿರುತ್ತವೆ. ತೆಂಗಿನ ನಾರಿನ ಘಟಕಗಳ ಪುಡಿಯ ರಾಶಿ ಜ್ವಾಲೆಯಿಲ್ಲದೆ ಒಳಗೊಳಗೇ ದಿನಗಟ್ಟಲೆ ಉರಿಯಬಲ್ಲದು. ನಾಲ್ಕನೆಯದು ನಗರದ ಬೆಂಕಿ. ಖಾಲಿ ನಿವೇಶನಗಳ ಒಣಗಿಡ, ಕಸದ ರಾಶಿ, ಅಂತರಸನಹಳ್ಳಿ, ಹಿರೇಹಳ್ಳಿ, ವಸಂತನರಸಾಪುರದಂಥ ಕೈಗಾರಿಕಾ ಪ್ರದೇಶಗಳ ಸುತ್ತಲಿನ ಬೀಳುಭೂಮಿ ಇದರ ನೆಲೆಗಳು.

ಗಾಳಿಯಲ್ಲಿ ಮೂರು ಬಗೆ. ಮಾಗಿಯಿಂದ ಬೇಸಿಗೆಯ ಆರಂಭದವರೆಗೆ ಬೀಸುವ ಮೂಡಗಾಳಿ ನಿಧಾನದ್ದು, ಒಣಗಿಸುವ ಕೆಲಸ ಇದರದ್ದು. ಏಪ್ರಿಲ್–ಮೇ ತಿಂಗಳಲ್ಲಿ, ಅಂದರೆ ಅಶ್ವಿನಿ, ಭರಣಿ, ಕೃತ್ತಿಕೆ ಮಳೆಗಳ ಹೊತ್ತಿನಲ್ಲಿ ಬರುವುದು ಬಿರುಗಾಳಿ. ಅದರ ಅವಧಿ ನಿಮಿಷಗಳದು, ವ್ಯಾಪ್ತಿ ಕೆಲವು ಹಳ್ಳಿಗಳದು. ಜೊತೆಗೆ ಸಿಡಿಲು, ಒಮ್ಮೊಮ್ಮೆ ಆಲಿಕಲ್ಲು ಇರುತ್ತವೆ. ಮೂರನೆಯದು ಜೂನ್‌ನಿಂದ ಆಗಸ್ಟ್‌ವರೆಗೆ ಪಶ್ಚಿಮದಿಂದ ಎಡೆಬಿಡದೆ ಬೀಸುವ ಆಷಾಢದ ಗಾಳಿ. ವರ್ಷದಲ್ಲಿ ಸತತವಾಗಿ ಅತಿ ಜೋರಾಗಿ ಬೀಸುವುದು ಇದೇ ಆದರೂ ಆಗ ಹುಲ್ಲು ಹಸಿರಾಗಿರುವುದರಿಂದ ಬೆಂಕಿಯ ಭಯವಿಲ್ಲ. ಅಪಾಯವನ್ನು ಗಾಳಿಯ ವೇಗವೊಂದರಿಂದಲೇ ನಿರ್ಣಯಿಸಲಾಗದು ಎಂಬುದಕ್ಕೆ ಇದು ನೇರ ಪುರಾವೆ.

ಚಳಿಯಲ್ಲಿ ಎರಡು ಬಗೆ. ತಿಳಿ ಆಕಾಶದ ಒಣಚಳಿ ರಾತ್ರಿಯದು, ಬಿಸಿಲೇರಿದಂತೆ ಮಾಯವಾಗುತ್ತದೆ. ಬಂಗಾಳಕೊಲ್ಲಿಯ ಚಂಡಮಾರುತಗಳ ಅಂಚಿನಲ್ಲಿ ಬರುವ ತೇವಚಳಿ ಹಗಲಿಡೀ ಇರುತ್ತದೆ. 2022ರ ಡಿಸೆಂಬರ್ 9ರ ರಾತ್ರಿ ಮಾಮಲ್ಲಪುರದ ಬಳಿ ದಡ ಹಾಯ್ದ ಮಾಂಡೌಸ್, 2024ರ ನವೆಂಬರ್ 30ರಂದು ಪುದುಚೇರಿ ಬಳಿ ದಡ ಹಾಯ್ದ ಫೆಂಗಲ್ ಇವೆರಡೂ ದಕ್ಷಿಣ ಒಳನಾಡಿಗೆ ಮೋಡ, ಜಡಿಮಳೆ, ಹಗಲಿನ ಚಳಿ ತಂದವು. ಒಣಚಳಿ ಬೆಂಕಿಹವೆಯ ಪೀಠಿಕೆಯಾದರೆ ತೇವಚಳಿ ಅದನ್ನು ಕೆಲವು ವಾರ ಮುಂದೂಡುತ್ತದೆ. ಕೆರೆ, ನಾಲೆ, ನೀರಾವರಿ ತೋಟಗಳ ತೇವ ಕೂಡಿದಲ್ಲಿ ವಿಲೋಮ ಪದರದ ಕೆಳಗೆ ಮಂಜು ಕವಿಯುತ್ತದೆ.

ಪರಿಣಾಮಗಳು

ಚಳಿಯ ನೇರ ಹಾನಿ ಮುಖ್ಯವಾಗಿ ವೃದ್ಧರು, ಶಿಶುಗಳು, ಬೀದಿಯಲ್ಲಿ ಮಲಗುವವರು ಮತ್ತು ಎಳೆಯ ಕುರಿಮೇಕೆಗಳಿಗೆ ತಟ್ಟುತ್ತದೆ. ಮುಚ್ಚಿದ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಟ್ಟು ಮಲಗುವುದರಿಂದ ಕಾರ್ಬನ್ ಮಾನಾಕ್ಸೈಡ್ ಅನಿಲ ಸೇರಿ ಸಾವು ಸಂಭವಿಸಬಲ್ಲದು. ಬೆಂಗಳೂರಿನಿಂದ ತುಮಕೂರು ಹಾಯ್ದು ಶಿರಾದತ್ತ ಹೋಗುವ ರಾಷ್ಟ್ರೀಯ ಹೆದ್ದಾರಿ 48 ಮತ್ತು ಕುಣಿಗಲ್ ಹಾಯ್ದು ಹಾಸನಕ್ಕೆ ಹೋಗುವ ಹೆದ್ದಾರಿ 75ರಲ್ಲಿ ಮಂಜು ವಾಹನಗಳಿಗೆ ಅಪಾಯಕಾರಿ. ರಾಗಿಯ ಒಕ್ಕಣೆ ರಸ್ತೆಯ ಮೇಲೆ ನಡೆಯುವ ದಿನಗಳೂ ಇವೇ ಆದ್ದರಿಂದ ಅಪಾಯ ಹೆಚ್ಚುತ್ತದೆ. ವಿಲೋಮ ಪದರ ಕಸ ಮತ್ತು ಹುಲ್ಲು ಸುಟ್ಟ ಹೊಗೆಯನ್ನು ಮೇಲೇರಲು ಬಿಡದೆ ನಗರದ ಮೇಲೆ ಹಿಡಿದಿಡುತ್ತದೆ. ಇದು ಚಳಿಯೂ ಬೆಂಕಿಯೂ ಒಂದೇ ಹಾನಿಯಲ್ಲಿ ಕೂಡುವ ಸ್ಪಷ್ಟ ಉದಾಹರಣೆ.

ಬೆಂಕಿಯ ಹಾನಿ ಸುಟ್ಟ ದಿನಕ್ಕೇ ಮುಗಿಯುವುದಿಲ್ಲ. ನೆಲಬೆಂಕಿ ದೊಡ್ಡ ಮರಗಳನ್ನು ಬಹುಮಟ್ಟಿಗೆ ಬಿಟ್ಟರೂ ಸಸಿಗಳನ್ನೂ ನೆಲದಲ್ಲಿ ಗೂಡು ಕಟ್ಟುವ ಹಕ್ಕಿಗಳ ಮೊಟ್ಟೆಗಳನ್ನೂ ಹಾವು, ಓತಿಗಳನ್ನೂ ಅಳಿಸುತ್ತದೆ. ವರ್ಷವರ್ಷವೂ ಸುಟ್ಟ ಗುಡ್ಡದಲ್ಲಿ ಮರದ ಹೊಸ ತಲೆಮಾರು ಏಳುವುದಿಲ್ಲ, ಬೆಂಕಿ ತಾಳುವ ಹುಲ್ಲು ಮತ್ತು ಲಂಟಾನ ಉಳಿಯುತ್ತವೆ, ಮುಂದಿನ ವರ್ಷದ ಇಂಧನ ಹೆಚ್ಚುತ್ತದೆ. ಬೆಂಕಿಯ ಋತು ಮುಗಿಯುವುದು ಗುಡುಗುಮಳೆಯಿಂದ. ಹೊದಿಕೆ ಕಳೆದುಕೊಂಡ ಇಳಿಜಾರಿನ ಮೇಲೆ ಆ ರಭಸದ ಮಳೆ ಬಿದ್ದಾಗ ಮೇಲ್ಮಣ್ಣು ಕೊಚ್ಚಿ ಕೆರೆಗಳಲ್ಲಿ ಹೂಳಾಗುತ್ತದೆ. ದೇವರಾಯನದುರ್ಗ ಎರಡು ನದಿಗಳ ತಲೆಯಾಗಿರುವುದರಿಂದ ಅಲ್ಲಿನ ಬೆಂಕಿ ಬಯಲಿನ ಕೆರೆಗಳ ಪ್ರಶ್ನೆಯೂ ಹೌದು. ಹೊಲಮನೆಯ ಬೆಂಕಿಯಲ್ಲಿ ಒಂದು ಮೆದೆ ಸುಟ್ಟರೆ ಆ ಕುಟುಂಬದ ದನಗಳಿಗೆ ಮುಂಗಾರಿನವರೆಗಿನ ಮೇವೇ ಹೋದಂತೆ.

ಬಿರುಗಾಳಿಗೆ ಮೊದಲು ಬೀಳುವುದು ಬಾಳೆ. ಗೊನೆ ಹೊತ್ತ ಗಿಡ ನಡುವೆಯೇ ಮುರಿಯುತ್ತದೆ. ಬೇರು ಆಳಕ್ಕಿಳಿಯದ ಅಡಿಕೆ ಮತ್ತು ಸುಳಿ ಕೊಳೆತ ತೆಂಗು ನಂತರದ ಸಾಲಿನವು. ಮಾವಿನ ಕಾಯಿ ಬಲಿಯುವ ಮುನ್ನವೇ ಉದುರುತ್ತದೆ. ಶೀಟು ಹೊದಿಸಿದ ಮನೆ, ಕೋಳಿ ಶೆಡ್ಡು, ಪಾಲಿಹೌಸ್‌ಗಳ ಚಾವಣಿ ಹಾರುತ್ತದೆ. ಕಂಬ ಮುರಿದು, ಟಿ.ಸಿ. (ವಿದ್ಯುತ್ ಪರಿವರ್ತಕ) ಕೆಟ್ಟು, ತೋಟದ ಪಂಪ್‌ಸೆಟ್ ದಿನಗಟ್ಟಲೆ ನಿಲ್ಲುತ್ತದೆ. ಗಾಳಿಗೆ ತೂಗಿದ ಜೋತುತಂತಿಗಳು ಒಂದಕ್ಕೊಂದು ತಾಗಿ ಉದುರಿಸುವ ಕಿಡಿ ಕೆಳಗಿನ ಒಣಹುಲ್ಲಿಗೆ ಬಿದ್ದರೆ ಗಾಳಿಯ ಅನಾಹುತವೇ ಬೆಂಕಿಯ ಅನಾಹುತವಾಗುತ್ತದೆ.

ಉಪಯೋಗಗಳು

ಇದೇ ಹವೆಯ ಮೇಲೆ ಬಯಲಿನ ಬೇಸಾಯವೂ ನಿಂತಿದೆ. ಮಾಗಿಯ ಚಳಿಯಿಲ್ಲದೆ ಮಾವು ಸರಿಯಾಗಿ ಹೂ ಬಿಡುವುದಿಲ್ಲ. ಇಬ್ಬನಿ ಬಿದ್ದರೆ ಅವರೆಕಾಯಿಗೆ ಸೊಗಡು ಬರುತ್ತದೆಂದು ರೈತರು ಹೇಳುತ್ತಾರೆ. ಒಣಹವೆ ರಾಗಿಯ ತೆನೆಯನ್ನು ಒಕ್ಕಣೆಗೆ ಹದ ಮಾಡುತ್ತದೆ. 2021ರ ನವೆಂಬರ್‌ನ ಅಕಾಲಿಕ ಮಳೆಯಲ್ಲಿ ದಕ್ಷಿಣ ಒಳನಾಡಿನ ರಾಗಿ ಹೊಲದಲ್ಲೇ ಮೊಳೆತದ್ದು ಆ ಹವೆ ತಪ್ಪಿದರೆ ಏನಾಗುತ್ತದೆಂಬುದನ್ನು ತೋರಿಸಿತು. ಕಣದಲ್ಲಿ ರಾಗಿ ತೂರಲು ಮೂಡಗಾಳಿ ಬೇಕು. ಅಟ್ಟದ ಮೇಲೆ ತಿಂಗಳುಗಟ್ಟಲೆ ಇಟ್ಟು ತಯಾರಿಸುವ ಉಂಡೆ ಕೊಬ್ಬರಿಗೆ ಒಣಗಾಳಿ ಬೇಕು. ಏಪ್ರಿಲ್‌ನ ಗುಡುಗುಮಳೆ ಮಾಗಿ ಉಳುಮೆಯ ಹೊಲಕ್ಕೆ ಹದ ಕೊಟ್ಟು ಬೆಂಕಿಯ ಋತುವನ್ನೂ ಮುಗಿಸುತ್ತದೆ. ಆದ್ದರಿಂದ ಈ ಹವೆಯನ್ನು ವಿಪತ್ತು ಎಂದಷ್ಟೇ ಕರೆಯುವುದು ಅಪೂರ್ಣ. ಹಾನಿ ಹುಟ್ಟುವುದು ಅದು ಕಿಡಿ, ದುರ್ಬಲ ಕಟ್ಟಡ ಅಥವಾ ಅಸಡ್ಡೆಯನ್ನು ಸಂಧಿಸಿದಾಗ.

ಆಕ್ಷೇಪಗಳು ಮತ್ತು ಅವುಗಳ ಪರಿಶೀಲನೆ

ಚಳಿ, ಬೆಂಕಿ, ಗಾಳಿ ಮೂರನ್ನೂ ಒಂದೇ ಸರಣಿಯೆಂದು ನೋಡುವ ಈ ನಿಲುವಿಗೆ ಎದುರಾಗುವ ಮೊದಲ ಆಕ್ಷೇಪ, ಇಲ್ಲಿನ ಬೆಂಕಿಯೆಲ್ಲ ಮನುಷ್ಯರು ಹಚ್ಚಿದ್ದೇ ಆದ್ದರಿಂದ ಹವೆಯನ್ನು ದೂರುವುದು ತಪ್ಪು ಎಂಬುದು. ಕಿಡಿಯ ಮಟ್ಟಿಗೆ ಇದು ಬಹುತೇಕ ನಿಜ. ಹೊಸ ಚಿಗುರು ಬರಲೆಂದು ಹುಲ್ಲಿಗೆ ಇಡುವ ಬೆಂಕಿ, ಸೇದಿ ಎಸೆದ ಬೀಡಿ, ಬದುವಿನ ಕಸ ಸುಡುವುದು, ಬೆಟ್ಟದ ಮೇಲೆ ಅಡುಗೆಗೆ ಹೂಡಿದ ಒಲೆ ಇವೇ ಸಾಮಾನ್ಯ ಕಾರಣಗಳು. ಒಣ ಸಿಡಿಲಿನಿಂದ ಹುಟ್ಟುವ ಬೆಂಕಿ ಅಪರೂಪ. ಆದರೆ ಬೀಡಿಯ ತುಂಡು ವರ್ಷವಿಡೀ ಬೀಳುತ್ತದೆ. ಗುಡ್ಡ ಹೊತ್ತುವುದು ಮೂರು ತಿಂಗಳಲ್ಲಿ ಮಾತ್ರ. ಕಿಡಿಯನ್ನು ಹಾಕುವುದು ಮನುಷ್ಯ, ಅದನ್ನು ಬೆಂಕಿಯಾಗಿ ಬೆಳೆಸುವುದು ಹವೆ. ಇದರ ಜೊತೆಗೆ ಜನ ಸೇರುವ ಕಾಲವೂ ಇದೇ ಋತುವಿನಲ್ಲಿ ಬರುತ್ತದೆ. ಸಿದ್ಧಗಂಗೆಯ ಜಾತ್ರೆ ಮತ್ತು ದನಗಳ ಪರಿಷೆ ಶಿವರಾತ್ರಿಯ ಸುತ್ತ, ದೇವರಾಯನದುರ್ಗದ ರಥೋತ್ಸವ ಫಾಲ್ಗುಣದಲ್ಲಿ, ಎಡೆಯೂರು ಸಿದ್ಧಲಿಂಗೇಶ್ವರನ ಜಾತ್ರೆ ಯುಗಾದಿಯ ನಂತರದ ದಿನಗಳಲ್ಲಿ ನಡೆಯುತ್ತವೆ. ಹವೆಯ ಮುನ್ನೆಚ್ಚರಿಕೆ ಅತ್ಯಂತ ಉಪಯುಕ್ತವಾಗುವುದು ಕಿಡಿ ಮನುಷ್ಯನದಾದಾಗಲೇ, ಏಕೆಂದರೆ ಆ ಕಿಡಿಯನ್ನು ತಡೆಯಬಹುದು.

ಎರಡನೆಯ ಆಕ್ಷೇಪ, ಬೆಂಕಿ ಬರಗಾಲದ ಕೂಸು, ಮಳೆ ಚೆನ್ನಾದ ವರ್ಷ ಭಯವಿಲ್ಲ ಎಂಬುದು. ಬರದಲ್ಲಿ ಇಂಧನ ಬೇಗ ಒಣಗುತ್ತದೆ ಎಂಬ ಮಾತು ಸರಿ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾಗಿ, 2024ರ ಬೇಸಿಗೆ ಕಠಿಣವಾಯಿತು. ಆದರೆ ಬರದ ವರ್ಷ ಹುಲ್ಲೇ ಕಡಿಮೆ, ಇದ್ದುದನ್ನು ದನಕುರಿ ಮೇಯ್ದು ಮುಗಿಸುತ್ತವೆ. ಸಮೃದ್ಧ ಹಿಂಗಾರಿನ ನಂತರದ ಒಣ ಮಾಗಿಯಲ್ಲಿ ಹುಲ್ಲೂ ದಟ್ಟ, ಒಣತನವೂ ಪೂರ್ಣ. 2025ರ ಜನವರಿಯಲ್ಲಿ ಲಾಸ್ ಏಂಜಲೀಸ್ ಸುತ್ತ ಹಬ್ಬಿದ ಬೆಂಕಿಯ ಹಿಂದೆಯೂ ಎರಡು ಮಳೆಯ ಚಳಿಗಾಲಗಳಲ್ಲಿ ಬೆಳೆದ ಹುಲ್ಲುಪೊದೆ, ನಂತರದ ದೀರ್ಘ ಒಣಹವೆ ಮತ್ತು ಒಣಗಾಳಿ ಇದ್ದವು. ನಮ್ಮಲ್ಲಿ ಅಷ್ಟು ಗಾಳಿಯಿಲ್ಲ, ಆದರೆ ಹುಲ್ಲು ಬೆಳೆದು ಒಣಗುವ ಕ್ರಮ ಒಂದೇ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ 10,000 ಎಕರೆಗೂ ಹೆಚ್ಚು ಕಾಡು ಸುಟ್ಟಾಗ ಒಣಗಿದ ಲಂಟಾನ ಮತ್ತು ಬಿರುಸಾದ ಗಾಳಿ ಬೆಂಕಿಗೆ ನೆರವಾದವು.

ಮೂರನೆಯದು ಚಳಿ ಮತ್ತು ಬಿಸಿಲಿನ ಕುರಿತದ್ದು. ಹವಾಮಾನ ಇಲಾಖೆ ಬಯಲುಪ್ರದೇಶದಲ್ಲಿ ಶೀತಗಾಳಿಯೆಂದು ಪರಿಗಣಿಸಲು ಕನಿಷ್ಠ ಉಷ್ಣಾಂಶ 10 ಡಿಗ್ರಿ ಅಥವಾ ಕಡಿಮೆ ಇರಬೇಕು, ಬಿಸಿಗಾಳಿಗೆ ಗರಿಷ್ಠ 40 ಡಿಗ್ರಿ ಮುಟ್ಟಬೇಕು. ತುಮಕೂರು ಬಯಲು ಈ ಎರಡು ಗೆರೆಗಳನ್ನೂ ದಾಟುವುದು ವಿರಳ. ಆದ್ದರಿಂದ ಇಲ್ಲಿ ಅಪಾಯವೇ ಇಲ್ಲ ಎಂದು ವಾದಿಸಬಹುದು. ಆದರೆ ಆ ಗೆರೆಗಳು ದೇಶದ ಎಲ್ಲ ಬಯಲುಗಳಿಗೂ ಸಾಮಾನ್ಯವಾಗಿ ಹಾಕಿದವು, ಮನುಷ್ಯದೇಹದ ಮೇಲಿನ ಪರಿಣಾಮವನ್ನು ಗಮನದಲ್ಲಿಟ್ಟವು. ಹುಲ್ಲು ಒಣಗಲು 40 ಡಿಗ್ರಿ ಬೇಕಿಲ್ಲ, 30 ಡಿಗ್ರಿಯೂ ಒಣಗಾಳಿಯೂ ಸಾಕು. ನಾಲ್ಕನೆಯ ಆಕ್ಷೇಪ, ಹುಲ್ಲು ಸುಡುವುದು ಹಳೆಯ ಪದ್ಧತಿ, ಅದರಿಂದ ಚಿಗುರು ಬರುತ್ತದೆ, ಉಣ್ಣೆಹುಳು ಸಾಯುತ್ತದೆ ಎಂಬುದು. ಚಿಗುರು ಬರುವುದು ನಿಜ. ಆದರೆ ಡಿಸೆಂಬರ್‌ನಲ್ಲಿ ಇಬ್ಬನಿಯ ತೇವವಿರುವಾಗ ಸಣ್ಣ ಪಟ್ಟಿಗಳಲ್ಲಿ ಸುಡುವುದಕ್ಕೂ ಮಾರ್ಚ್ ಮಧ್ಯಾಹ್ನ ಗುಡ್ಡದ ಬುಡಕ್ಕೆ ಬೆಂಕಿ ಇಡುವುದಕ್ಕೂ ಅಜಗಜಾಂತರ. ಮೊದಲನೆಯದನ್ನು ಬೆಂಕಿರೇಖೆ ಮಾಡಲು ಅರಣ್ಯ ಇಲಾಖೆಯೇ ಬಳಸುತ್ತದೆ.

ಮುನ್ಸೂಚನೆ ಮತ್ತು ನಿರ್ವಹಣೆ

ಕಾಡಿಗೆ ಬೆಂಕಿ ಇಡುವುದನ್ನು ಮೈಸೂರು ಸಂಸ್ಥಾನದ 1900ರ ಅರಣ್ಯ ನಿಬಂಧನೆಯ ಕಾಲದಿಂದಲೂ ಕಾನೂನು ತಡೆಯುತ್ತ ಬಂದಿದೆ. ಇಂದು ಜಾರಿಯಲ್ಲಿರುವುದು 1963ರ ಕರ್ನಾಟಕ ಅರಣ್ಯ ಅಧಿನಿಯಮ. ಋತು ಶುರುವಾಗುವ ಮುನ್ನ ಅರಣ್ಯ ಇಲಾಖೆ ಬೆಂಕಿರೇಖೆಗಳನ್ನು ಸವರಿ ಸುಟ್ಟು, ಬೆಂಕಿ ಕಾವಲುಗಾರರನ್ನು ನೇಮಿಸಿಕೊಳ್ಳುತ್ತದೆ. ಡೆಹ್ರಾಡೂನ್‌ನ ಭಾರತ ಅರಣ್ಯ ಸಮೀಕ್ಷೆ ಉಪಗ್ರಹಗಳು ಗುರುತಿಸಿದ ಬೆಂಕಿಯ ತಾಣಗಳನ್ನು ಸಿಬ್ಬಂದಿಗೂ ನೋಂದಾಯಿಸಿಕೊಂಡವರಿಗೂ ತಿಳಿಸುತ್ತದೆ. ಈ ವ್ಯವಸ್ಥೆಯ ಸುಧಾರಿತ ರೂಪ 2019ರಲ್ಲಿ ಬಂತು. ಉಪಗ್ರಹಗಳಲ್ಲಿನ ಮೋಡಿಸ್ ಉಪಕರಣ 1 ಕಿ.ಮೀ., ವೀರ್ಸ್ ಉಪಕರಣ 375 ಮೀ. ಸೂಕ್ಷ್ಮತೆಯಲ್ಲಿ ಬೆಂಕಿ ಗುರುತಿಸುತ್ತವೆ. ದಿನಕ್ಕೆ ಕೆಲವೇ ಸಲ ಹಾದುಹೋಗುವ ಈ ಉಪಗ್ರಹಗಳಿಗೆ ನಡುವಿನ ಅವಧಿಯಲ್ಲಿ ಹೊತ್ತಿ ಆರಿದ ಗೋಮಾಳದ ಬೆಂಕಿ ಕಾಣದೆ ಹೋಗಬಹುದು.

ಬಿರುಗಾಳಿ, ಸಿಡಿಲು, ಚಳಿ ಮತ್ತು ಬಿಸಿಗಾಳಿಯ ಎಚ್ಚರಿಕೆಗಳನ್ನು ಹವಾಮಾನ ಇಲಾಖೆ ಹಸಿರು, ಹಳದಿ, ಕಿತ್ತಳೆ, ಕೆಂಪು ಬಣ್ಣಗಳಲ್ಲಿ ಜಿಲ್ಲಾವಾರು ಕೊಡುತ್ತದೆ. ವಾರಕ್ಕೆ ಎರಡು ಸಲ, ಮಂಗಳವಾರ ಮತ್ತು ಶುಕ್ರವಾರ, ರೈತರಿಗೆ ಕೃಷಿ ಹವಾಮಾನ ಸಲಹೆ ಹೊರಡುತ್ತದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ 1988ರಲ್ಲಿ ಬರ ಉಸ್ತುವಾರಿ ಘಟಕವಾಗಿ ಹುಟ್ಟಿದ್ದು, ಇಂದು ಹೋಬಳಿ ಮಟ್ಟದಲ್ಲಿ ಉಷ್ಣಾಂಶ, ಆರ್ದ್ರತೆ, ಗಾಳಿಯನ್ನು ತಾನಾಗಿ ಅಳೆಯುವ ಕೇಂದ್ರಗಳನ್ನೂ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳನ್ನೂ ಹೊಂದಿದೆ. ಸಿಡಿಲಿನ ಮುನ್ಸೂಚನೆಗೆ ದಾಮಿನಿ ಮತ್ತು ಸಿಡಿಲು ಎಂಬ ಆ್ಯಪ್‌ಗಳಿವೆ. ಬೆಂಕಿ ಬಿದ್ದಾಗ ಕರೆಯಬೇಕಾದ ಸಂಖ್ಯೆ 101 ಅಥವಾ 112.

ಮನೆ ಮತ್ತು ಹೊಲದ ಮಟ್ಟದಲ್ಲಿ ಸಾಬೀತಾದ ಕ್ರಮಗಳು ಸರಳವಾದವು. ಮೆದೆಯನ್ನು ಮನೆ, ಕೊಟ್ಟಿಗೆ ಮತ್ತು ವಿದ್ಯುತ್ ತಂತಿಯಿಂದ ದೂರ ಒಟ್ಟುವುದು, ಒಂದೇ ದೊಡ್ಡ ರಾಶಿಯ ಬದಲು ಎರಡಾಗಿ ಬೇರ್ಪಡಿಸುವುದು, ಟಿ.ಸಿ. ಸುತ್ತಲಿನ ಹುಲ್ಲು ಸವರುವುದು, ಸೋಗೆಯನ್ನು ಸುಡದೆ ತೋಟದಲ್ಲೇ ಮುಚ್ಚಿಗೆಯಾಗಿ ಕೊಳೆಯಿಸುವುದು, ಬಾಳೆಗೆ ಊರೆ ಕೊಡುವುದು, ತೋಟದ ಪಡುವಣ ಅಂಚಿನಲ್ಲಿ ಗಾಳಿತಡೆಯ ಮರ ಬೆಳೆಸುವುದು ಇವುಗಳಲ್ಲಿ ಮುಖ್ಯ. ಮಾಗಿಯಲ್ಲಿ ಅಗ್ಗಿಷ್ಟಿಕೆ ಇಟ್ಟ ಕೋಣೆಯ ಕಿಟಕಿ ತೆರೆದಿರಬೇಕು. ಮಲಗುವ ಮುನ್ನ ಕೆಂಡವನ್ನು ಹೊರಗಿಡಬೇಕು.

ಪ್ರಸ್ತುತ ಸ್ಥಿತಿ

ಕಳೆದ ದಶಕಗಳಲ್ಲಿ ಈ ಬಯಲಿನ ಇಂಧನದ ಸ್ವರೂಪ ಬದಲಾಗಿದೆ. ಹೇಮಾವತಿ ನಾಲೆ ಮತ್ತು ಕೊಳವೆಬಾವಿಗಳಿಂದ ತೆಂಗು, ಅಡಿಕೆ ಹಬ್ಬಿ ಸೋಗೆ ಮತ್ತು ಮಟ್ಟೆಯ ರಾಶಿ ಹೆಚ್ಚಾಗಿದೆ. ನೀಲಗಿರಿ ನೆಡುವುದನ್ನು ರಾಜ್ಯ ಸರ್ಕಾರ 2017ರಲ್ಲಿ ನಿಷೇಧಿಸಿತು, ಹಳೆಯ ತೋಪುಗಳು ಅಲ್ಲಲ್ಲಿ ಉಳಿದಿವೆ. ತುಮಕೂರು ನಗರ ಕೈಗಾರಿಕಾ ಪ್ರದೇಶಗಳತ್ತ ಬೆಳೆದಿದೆ, 2023ರ ಫೆಬ್ರವರಿಯಲ್ಲಿ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಶುರುವಾಯಿತು. ಹುಲ್ಲುಗಾವಲು ಮತ್ತು ಕಟ್ಟಡ ಹೀಗೆ ಹತ್ತಿರವಾದಷ್ಟೂ ಹಿಂದೆ ಗೋಮಾಳದಲ್ಲೇ ಆರಿಹೋಗುತ್ತಿದ್ದ ಬೆಂಕಿಯ ಎದುರು ಆಸ್ತಿಪಾಸ್ತಿ ಬಂದು ನಿಲ್ಲುತ್ತದೆ.

ಎಚ್ಚರಿಕೆಯ ವ್ಯವಸ್ಥೆ ಎರಡು ಹೊಳೆಗಳಾಗಿ ಹರಿಯುತ್ತಿದೆ. ಹವೆಯ ಎಚ್ಚರಿಕೆ ಸಾರ್ವಜನಿಕರಿಗೆ ಜಿಲ್ಲಾವಾರು ಬರುತ್ತದೆ, ಕಾಡ್ಗಿಚ್ಚಿನ ಎಚ್ಚರಿಕೆ ಪ್ರಧಾನವಾಗಿ ಅರಣ್ಯ ಸಿಬ್ಬಂದಿಗೆ ಹೋಗುತ್ತದೆ. ಗೋಮಾಳ, ಹೊಲ ಮತ್ತು ಮೆದೆಯ ಬೆಂಕಿ ಎರಡರ ನಡುವೆ ಉಳಿದುಬಿಡುತ್ತದೆ. ಅಮೆರಿಕದ ಬಯಲುಗಳಲ್ಲಿ ಆರ್ದ್ರತೆ, ಗಾಳಿ ಮತ್ತು ಇಂಧನದ ಒಣತನ ಕೂಡಿದ ದಿನ ಸಾರ್ವಜನಿಕರಿಗೇ ಕೆಂಪು ಬಾವುಟದ ಎಚ್ಚರಿಕೆ ಕೊಡುವ ಕ್ರಮವಿದೆ. ಅಂಥ ಎಚ್ಚರಿಕೆಗೆ ಬೇಕಾದ ಉಷ್ಣಾಂಶ, ಆರ್ದ್ರತೆ ಮತ್ತು ಗಾಳಿಯ ಅಳತೆ ಊರ್ಡಿಗೆರೆ, ಹಾಗಲವಾಡಿ, ಹುಲಿಯೂರುದುರ್ಗದಂಥ ಹೋಬಳಿಗಳ ಮಟ್ಟದಲ್ಲಿ ಈಗಾಗಲೇ ನಡೆಯುತ್ತಿದೆ. ಅದನ್ನು ಹಿಂದಿನ ಹಿಂಗಾರಿನ ಮಳೆಯೊಂದಿಗೆ ಕೂಡಿಸಿ ಓದಿದರೆ ಆ ವರ್ಷದ ಬೆಂಕಿಯ ಋತು ಎಷ್ಟು ಕಠಿಣವೆಂಬುದನ್ನು ಜನವರಿಯಲ್ಲೇ ಅಂದಾಜು ಮಾಡಲು ಸಾಧ್ಯ.